ಮಗಳಿಗೆ ‘ಗ್ರೇಸ್‌ಲಿಂಗ್’ ಓದಲು ಕೊಡಬಹುದೇ ಎಂದು ಕೇಳಿದ ಅತ್ತಿಗೆಗೆ

ಅತ್ತಿಗೆ, ಹದಿನೈದು ವರ್ಷದ ಮಗಳು ‘ಗ್ರೇಸ್‌ಲಿಂಗ್’ ಕಾದಂಬರಿಯನ್ನು ಓದಲೇಬೇಕೆಂದು ಹಟ ಹಿಡಿದಿದ್ದಾಳೆ, ಬರಿಗೈಯಲ್ಲಿ ಮನುಷ್ಯರನ್ನು ಕೊಲ್ಲಬಲ್ಲ ಹುಡುಗಿಯ ಕತೆ ಅದು ಎಂದು ತಿಳಿದು ನಿಮಗೆ ಅಳುಕಾಗಿದೆ ಎಂದು ಬರೆದಿದ್ದೀರಿ. ಕೊಲ್ಲುವುದನ್ನೇ ಪ್ರತಿಭೆಯೆಂದು ತೋರಿಸುವ ಪುಸ್ತಕ ಮಕ್ಕಳಿಗೇಕೆ ಎಂದು ದೊಡ್ಡಪ್ಪನವರೂ ಕೇಳಿದ್ದಾರೆ. ನಾನು ಅದನ್ನು ಪೂರ್ತಿ ಓದಿದ್ದೇನೆ, ಮಕ್ಕಳು ಯಾರೂ ಈ ಗುಂಪಿನಲ್ಲಿ ಇಲ್ಲ, ಆದ್ದರಿಂದ ಕತೆಯ ಗುಟ್ಟನ್ನೂ ಬಿಡದೆ ಉತ್ತರಿಸುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಪೂರ್ತಿ ಕೇಳಿ. ಅವಳಿಗೆ ಓದಲು ಕೊಡಿ ಎಂಬುದೇ ನನ್ನ ಅಭಿಪ್ರಾಯ.

ಅಮೆರಿಕದ ಲೇಖಕಿ ಕ್ರಿಸ್ಟಿನ್ ಕ್ಯಾಶೋರ್ ಅವರ ಈ ಮೊದಲ ಕಾದಂಬರಿ 2008ರಲ್ಲಿ ಪ್ರಕಟವಾಯಿತು. ಏಳು ರಾಜ್ಯಗಳಿರುವ ಕಾಲ್ಪನಿಕ ಲೋಕವೊಂದರಲ್ಲಿ ಕೆಲವರಿಗೆ ಹುಟ್ಟಿನಿಂದಲೇ ಒಂದು ಅಸಾಮಾನ್ಯ ಶಕ್ತಿ ಇರುತ್ತದೆ, ಅದನ್ನು ಗ್ರೇಸ್ ಎಂದು ಕರೆಯುತ್ತಾರೆ. ಅಂಥವರ ಎರಡು ಕಣ್ಣುಗಳ ಬಣ್ಣ ಬೇರೆ ಬೇರೆಯಾಗುವುದರಿಂದ ತಮಗೆ ಗ್ರೇಸ್ ಇದೆಯೆಂಬುದನ್ನು ಬಚ್ಚಿಟ್ಟು ಬದುಕುವುದು ಸುಲಭವಲ್ಲ. ಹೆಚ್ಚಿನ ರಾಜ್ಯಗಳಲ್ಲಿ ಅಂಥ ಮಗು ರಾಜನ ಸ್ವತ್ತು. ರಾಜನಿಗೆ ಉಪಯೋಗವಿಲ್ಲವೆಂದು ಕಂಡರೆ ಮಾತ್ರ ಅದನ್ನು ತಂದೆತಾಯಿಯರ ಬಳಿಗೆ ಹಿಂದಿರುಗಿಸುತ್ತಾರೆ. ನಾಯಕಿ ಕಾಟ್ಸಾಳ ಒಂದು ಕಣ್ಣು ನೀಲಿ, ಇನ್ನೊಂದು ಹಸಿರು. ಎಂಟು ವರ್ಷದವಳಿದ್ದಾಗ, ಕೆಟ್ಟ ಉದ್ದೇಶದಿಂದ ಹತ್ತಿರ ಬಂದ ದೂರದ ನೆಂಟನೊಬ್ಬನನ್ನು ತಡೆಯಲು ಅವಳು ಕೈ ಬೀಸುತ್ತಾಳೆ, ಅವನು ಸತ್ತು ಬೀಳುತ್ತಾನೆ. ಅಂದಿನಿಂದ ಇಡೀ ಆಸ್ಥಾನ ಅವಳ ಶಕ್ತಿ ಕೊಲ್ಲುವುದೇ ಎಂದು ತೀರ್ಮಾನಿಸಿಬಿಡುತ್ತದೆ, ಮತ್ತು ಆ ಮಗು ಅದನ್ನು ನಂಬುತ್ತದೆ.

ದೊಡ್ಡಪ್ಪ, ನೀವು ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿಂದಲೇ ಆರಂಭವಾಗುತ್ತದೆ ಎಂದು ನನಗೆ ಅನಿಸುತ್ತದೆ. ಅವಳನ್ನು ಕಾಪಾಡಬೇಕಾಗಿದ್ದ ರಕ್ತಸಂಬಂಧಿಯೇ ಆದ ರಾಜ ರಾಂಡಾ, ತನ್ನ ಮಾತು ಮೀರಿದವರ ಕೈಕಾಲು ಮುರಿಯಲು, ಕೆಲವರನ್ನು ಕೊಲ್ಲಲು ಅವಳನ್ನು ಕಳುಹಿಸುತ್ತಾನೆ. ಈ ಕೆಲಸಗಳನ್ನು ಲೇಖಕಿ ಎಲ್ಲಿಯೂ ವೈಭವೀಕರಿಸುವುದಿಲ್ಲ. ಜನರು ಕಾಟ್ಸಾಳ ಕಣ್ಣನ್ನು ನೇರವಾಗಿ ನೋಡಲು ಹೆದರುವುದು, ಅವಳು ತನ್ನನ್ನು ತಾನೇ ಮೃಗವೆಂದು ಭಾವಿಸಿಕೊಳ್ಳುವುದು, ರಾಜನ ಕಣ್ಣು ತಪ್ಪಿಸಿ ರಹಸ್ಯ ಮಂಡಳಿಯೊಂದನ್ನು ಕಟ್ಟಿ, ರಾಜರುಗಳ ದೌರ್ಜನ್ಯಕ್ಕೆ ಸಿಕ್ಕವರನ್ನು ಪಾರುಮಾಡಲು ಹೊರಡುವುದು, ಇವುಗಳಿಗೇ ಕಾದಂಬರಿ ಹೆಚ್ಚು ಗಮನ ಕೊಡುತ್ತದೆ. ನನ್ನ ಮಟ್ಟಿಗೆ ಪುಸ್ತಕದ ಅತ್ಯುತ್ತಮ ಪ್ರಸಂಗವೆಂದರೆ ಅವಳು ನಿರಪರಾಧಿಯೊಬ್ಬನನ್ನು ಹಿಂಸಿಸಲು ಒಪ್ಪದೆ ಬಂದು ತುಂಬಿದ ಸಭೆಯಲ್ಲಿ ರಾಂಡಾನ ಎದುರು ನಿಲ್ಲುವುದು. ಸುತ್ತಲೂ ಶಸ್ತ್ರಧಾರಿಗಳಿದ್ದಾರೆ, ಅವಳು ಮನಸ್ಸು ಮಾಡಿದರೆ ರಾಜನನ್ನು ಅಲ್ಲಿಯೇ ಮುಗಿಸಬಲ್ಲಳು, ಒಳಗೆ ಕೋಪವೂ ಉಕ್ಕುತ್ತಿದೆ; ಆದರೂ ಯಾರ ಪ್ರಾಣವನ್ನೂ ತೆಗೆಯದೆ ಅವಳು ಹೊರಗೆ ನಡೆದುಬಿಡುತ್ತಾಳೆ. ಕೊಲ್ಲುವ ಶಕ್ತಿ ಅವಳದೇ ಆಗಿದ್ದರೂ ಅದರ ನಿರ್ಧಾರ ಅಲ್ಲಿಯವರೆಗೆ ಬೇರೊಬ್ಬನ ಕೈಯಲ್ಲಿತ್ತು, ಅದನ್ನು ಅವಳು ಹಿಂದಕ್ಕೆ ಪಡೆದುಕೊಳ್ಳುವುದು ಈ ಸಭೆಯಲ್ಲಿ.

ಕಾದಂಬರಿಯ ಕೊನೆಯ ಭಾಗದಲ್ಲಿ ಬಿಟರ್‌ಬ್ಲೂ ಎಂಬ ಹತ್ತು ವರ್ಷದ ರಾಜಕುಮಾರಿಯನ್ನು ಅವಳ ತಂದೆಯಿಂದಲೇ ಕಾಪಾಡಿ, ಯಾರೂ ದಾಟಿ ಬದುಕುಳಿಯದಂತಹ ಹಿಮದ ಕಣಿವೆಯ ದಾರಿಯಲ್ಲಿ ಕಾಟ್ಸಾ ಕರೆದೊಯ್ಯುತ್ತಾಳೆ. ಚಳಿ, ಹಸಿವು, ಗಾಯ ಯಾವುದೂ ತನ್ನನ್ನು ಸುಲಭವಾಗಿ ಸೋಲಿಸುವುದಿಲ್ಲವೆಂಬುದನ್ನು ಗಮನಿಸುತ್ತ ಹೋದಂತೆ, ತನ್ನ ಶಕ್ತಿ ಕೊಲ್ಲುವುದಲ್ಲ, ಬದುಕುಳಿಯುವುದು ಎಂಬುದು ಅವಳಿಗೆ ಅರಿವಾಗುತ್ತದೆ. ಇದನ್ನು ಓದಿದ ಮೇಲೆ ಎಂಟನೆಯ ವಯಸ್ಸಿನ ಆ ಘಟನೆಯೇ ಬೇರೆಯಾಗಿ ಕಾಣುತ್ತದೆ: ಆ ಮಗು ಕೊಲ್ಲಲು ಕೈ ಎತ್ತಿರಲಿಲ್ಲ, ತನ್ನನ್ನು ಉಳಿಸಿಕೊಂಡಿತ್ತು, ಅದಕ್ಕೆ ಕೊಲೆಗಾತಿ ಎಂಬ ಹೆಸರಿಟ್ಟವರು ದೊಡ್ಡವರು. ಹದಿನೈದರ ವಯಸ್ಸಿನಲ್ಲಿ ಹೆಣ್ಣುಮಕ್ಕಳು ತಮ್ಮ ಕೋಪದ ಬಗ್ಗೆ, ಹಟದ ಬಗ್ಗೆ, ಮೈಯ ಬಲದ ಬಗ್ಗೆ ಇತರರಿಂದ ಎಷ್ಟೆಲ್ಲ ತೀರ್ಪುಗಳನ್ನು ಕೇಳಿರುತ್ತಾರೆ ಎಂಬುದನ್ನು ನೆನೆದರೆ, ಈ ಭಾಗಕ್ಕಾಗಿಯಾದರೂ ಅವಳು ಇದನ್ನು ಓದಲಿ ಎಂದು ನನ್ನ ಮನಸ್ಸು ಬಯಸುತ್ತದೆ.

ಮಾರಕ ಶಕ್ತಿಯ ಹುಡುಗಿಯ ಕಲ್ಪನೆ ನಮಗೆ ಹೊಸದೂ ಅಲ್ಲ, ದೊಡ್ಡಪ್ಪ. ವಿಶಾಖದತ್ತನ ‘ಮುದ್ರಾರಾಕ್ಷಸ’ ನಾಟಕದಲ್ಲಿ ಬರುವ ವಿಷಕನ್ಯೆಯನ್ನು ನೀವು ಬಲ್ಲಿರಿ. ಕೆಂಪುನಾರಾಯಣನ ‘ಮುದ್ರಾಮಂಜೂಷ’ದ ಮೂಲಕ ಆ ಕಥಾವಸ್ತು 1823ರಲ್ಲೇ ಕನ್ನಡ ಗದ್ಯಕ್ಕೂ ಬಂದಿದೆ. ಚಂದ್ರಗುಪ್ತನನ್ನು ಕೊಲ್ಲಲು ನಂದರ ಮಂತ್ರಿಯಾದ ರಾಕ್ಷಸನು ಅವಳನ್ನು ಏರ್ಪಡಿಸುತ್ತಾನೆ, ಚಾಣಕ್ಯನು ಅವಳನ್ನು ಚಂದ್ರಗುಪ್ತನ ಮಿತ್ರರಾಜ ಪರ್ವತಕನ ಕಡೆಗೆ ತಿರುಗಿಸುತ್ತಾನೆ, ಪರ್ವತಕನು ಸಾಯುತ್ತಾನೆ. ಇಬ್ಬರು ಮಂತ್ರಿಗಳ ಬುದ್ಧಿಯ ಕಾಳಗದಲ್ಲಿ ಅವಳು ಕೈಯಿಂದ ಕೈಗೆ ದಾಟಿದ ಆಯುಧವಷ್ಟೆ. ನಾಟಕದಲ್ಲಿ ಅವಳಿಗೆ ಒಂದು ಮಾತೂ ಇಲ್ಲ. ಆ ನಾಟಕದ ರಾಜನೀತಿಯ ಸೊಬಗನ್ನು ನಾನೂ ಮೆಚ್ಚುತ್ತೇನೆ, ಆದರೆ ಆ ಹುಡುಗಿ ಏನನ್ನು ಅನುಭವಿಸಿದಳು ಎಂದು ಕೇಳಲು ಅಲ್ಲಿ ಜಾಗವಿಲ್ಲ. ಇಂದಿನ ಕಿಶೋರಿಯರಿಗಾಗಿ ಬರೆಯುವ ಒಳ್ಳೆಯ ಲೇಖಕಿಯರು ಆ ಮೌನದ ಕಡೆಯಿಂದ ಕತೆಯನ್ನು ಹೇಳುತ್ತಿದ್ದಾರೆ, ಮತ್ತು ಅದು ಬೇಕಾದ ಕೆಲಸ.

ಅತ್ತಿಗೆ, ನೀವು ಮುಂಚಿತವಾಗಿ ತಿಳಿದಿರಬೇಕಾದ ವಿಷಯಗಳು ಬೇರೆಯೇ ಇವೆ. ಕಾಟ್ಸಾ ಮದುವೆಯಾಗದೆಯೇ ಪೋ ಎಂಬ ರಾಜಕುಮಾರನ ಪ್ರೇಯಸಿಯಾಗುತ್ತಾಳೆ, ಅವರ ದೈಹಿಕ ಸಂಬಂಧವನ್ನು ಲೇಖಕಿ ಸಂಯಮದಿಂದ ಬರೆದಿದ್ದರೂ ಮುಚ್ಚಿಟ್ಟಿಲ್ಲ; ತನಗೆ ಮದುವೆಯೂ ಮಕ್ಕಳೂ ಬೇಡ ಎಂಬ ಅವಳ ನಿಲುವು ಕೊನೆಯವರೆಗೂ ಬದಲಾಗುವುದಿಲ್ಲ. ಓದಿದ ಮೇಲೆ ಮಗಳು ಈ ಬಗ್ಗೆ ಪ್ರಶ್ನೆ ಕೇಳಿದರೆ ಮಾತು ಬದಲಿಸಬೇಡಿ, ಕುಳಿತು ಮಾತನಾಡಿ. ನನ್ನನ್ನು ನಿಜವಾಗಿ ಕಲಕಿದವನು ರಾಜ ಲೆಕ್, ಬಿಟರ್‌ಬ್ಲೂಳ ತಂದೆ. ಅವನು ಆಡಿದ ಸುಳ್ಳನ್ನೆಲ್ಲ ಕೇಳಿದವರು ನಂಬಿಬಿಡುತ್ತಾರೆ, ಅವನ ಕ್ರೌರ್ಯವನ್ನು ಕಂಡವರೂ ಅವನನ್ನು ದಯಾಳು ಎನ್ನುತ್ತಾರೆ. ಕೈಬಲದ ಹುಡುಗಿಗಿಂತ ಈ ಮಾತಿನ ಮನುಷ್ಯನೇ ಪುಸ್ತಕದ ದೊಡ್ಡ ಭಯ. ಪ್ರಯಾಣದ ಕೆಲವು ಅಧ್ಯಾಯಗಳು ಲಂಬಿಸಿವೆ, ಮಗಳು ನಡುವೆ ಬೇಸರಿಸಿದರೆ ಇನ್ನೂ ಸ್ವಲ್ಪ ಓದು ಎಂದು ಹೇಳಿ.

ಇದೇ ಲೋಕದ ಕತೆಯಾದ ‘ಬಿಟರ್‌ಬ್ಲೂ’ 2012ರಲ್ಲಿ ಬಂದಿದೆ, ಇದು ಮುಗಿದ ಕೂಡಲೇ ಅವಳು ಅದನ್ನೂ ಕೇಳಬಹುದು. ಲೆಕ್ ಮಾಡಿಹೋದ ಹಿಂಸೆಯ ನೆನಪುಗಳನ್ನು ಒಂದು ರಾಜ್ಯವೇ ಹೊತ್ತು ನಿಂತಿರುವ ಕತೆ ಅದು, ಇದಕ್ಕಿಂತ ಬಹಳ ಭಾರವಾದದ್ದು. ಅದನ್ನು ಮೊದಲು ನೀವು ಓದಿ, ಅನಂತರ ಅವಳಿಗೆ ಯಾವಾಗ ಕೊಡಬೇಕೆಂದು ನಿರ್ಧರಿಸಿ.