ಡ್ಯಾಶ್‌ಬೋರ್ಡ್ ಮೇಲಿನ ಗಣಪತಿ ಮತ್ತು ಎಡಸೀಟಿನ ಏರ್‌ಬ್ಯಾಗ್

ಮಲೆನಾಡ_ಹಾದಿ:
ಆರು ಏರ್‌ಬ್ಯಾಗ್ ಇರುವ ಹೊಸ ಹ್ಯಾಚ್‌ಬ್ಯಾಕ್. ಎಡಗಡೆ ಡ್ಯಾಶ್‌ಬೋರ್ಡ್‌ನಲ್ಲಿ ‘ಎಸ್‌ಆರ್‌ಎಸ್ ಏರ್‌ಬ್ಯಾಗ್’ ಅಂತ ಅಚ್ಚಾಗಿರುವ ಜಾಗದ ಹತ್ತಿರ ಹಿತ್ತಾಳೆ ಗಣಪತಿ ಅಂಟಿಸಬಹುದಾ? ಆಕ್ಸೆಸರಿ ಅಂಗಡಿಯವರು ಏನೂ ಆಗಲ್ಲ ಅಂತಾರೆ. ಆ ಚೀಲ ಎಲ್ಲಿಂದ, ಹೇಗೆ ಹೊರಬರುತ್ತೆ? ಮೂರು ವರ್ಷದ ಮಗುವನ್ನು ಮುಂದೆ ತೊಡೆ ಮೇಲೆ ಕೂರಿಸಿಕೊಂಡರೆ ತೊಂದರೆಯಾ? ಇನ್ನೊಂದು, ಸೀಟ್ ಕವರ್ ಹಾಕಿಸಿದ ಮೇಲೆ ಮೀಟರ್‌ನಲ್ಲಿ ಏರ್‌ಬ್ಯಾಗ್ ದೀಪ ಆರುತ್ತಿಲ್ಲ.

ಸ್ಪ್ಯಾನರ್_12:
ಅಲ್ಲಿ ಖಂಡಿತ ಅಂಟಿಸಬೇಡಿ. ಸ್ಟೀರಿಂಗ್ ಒಳಗಿನ ಚೀಲ ಸುಮಾರು 50–60 ಲೀಟರಿನದು. ಎಡಗಡೆಯದು 100 ಲೀಟರ್ ದಾಟುತ್ತೆ, ಯಾಕೆಂದರೆ ಅಲ್ಲಿ ಡ್ಯಾಶ್‌ಬೋರ್ಡಿಗೂ ಕೂತವರಿಗೂ ನಡುವೆ ಜಾಗ ಹೆಚ್ಚು. ಗ್ಲೋವ್ ಬಾಕ್ಸ್ ಮೇಲ್ಭಾಗದಲ್ಲಿ ಒಂದು ಡಬ್ಬಿಯೊಳಗೆ ಅದನ್ನು ಮಡಚಿಟ್ಟಿರುತ್ತಾರೆ. ಮೇಲಿನ ಪ್ಲಾಸ್ಟಿಕ್ಕಿಗೆ ಒಳಮೈಯಲ್ಲಿ ಗೀರು ಹಾಕಿರುವುದರಿಂದ ಹೊರಗೆ ಮುಚ್ಚಳ ಇದೆ ಅಂತಲೇ ಗೊತ್ತಾಗಲ್ಲ. ಗುದ್ದಿದಾಗ ಆ ಗೀರಿನಲ್ಲೇ ಸೀಳಿಕೊಂಡು ಚೀಲ ಮೊದಲು ಮೇಲಕ್ಕೆ, ಗಾಜಿನ ಕಡೆಗೆ ಏಳುತ್ತೆ, ಆಮೇಲೆ ಕೂತವರ ಕಡೆ ತಿರುಗುತ್ತೆ. ಅದರ ವೇಗ ಗಂಟೆಗೆ 300 ಕಿ.ಮೀ. ಆಸುಪಾಸು. ದಾರಿಯಲ್ಲಿರುವ ಹಿತ್ತಾಳೆ ಮೂರ್ತಿ, ಪರ್ಫ್ಯೂಮ್ ಬಾಟಲಿ, ಫೋನ್ ಸ್ಟ್ಯಾಂಡ್ ಎಲ್ಲವೂ ನೇರ ಮುಖಕ್ಕೆ ಬರುತ್ತವೆ. ಗಣಪತಿಗೆ ಗೇರ್ ಲಿವರ್ ಮುಂದಿನ ಗೂಡು ಒಳ್ಳೆಯ ಜಾಗ.

ಕೆಲಸ ಮಾಡುವ ಬಗೆ: ರೇಡಿಯೇಟರ್ ಚೌಕಟ್ಟಿನ ಬಳಿಯ ಸೆನ್ಸರ್ ಮತ್ತು ಗೇರ್ ಕನ್ಸೋಲ್ ಕೆಳಗಿನ ಕಂಟ್ರೋಲ್ ಯೂನಿಟ್ ಸೇರಿ, ಗಾಡಿ ಎಷ್ಟು ಹಠಾತ್ತಾಗಿ ನಿಂತಿತು ಅಂತ ಅಳೆಯುತ್ತವೆ. 15–30 ಮಿಲಿಸೆಕೆಂಡಿನಲ್ಲಿ ತೀರ್ಮಾನ, ಇನ್ನು 30 ಮಿಲಿಸೆಕೆಂಡಿನೊಳಗೆ ಚೀಲ ತುಂಬಿರುತ್ತೆ. ಕಣ್ಣು ಮಿಟುಕಿಸಲೂ ಅಷ್ಟು ಸಮಯ ಸಾಲದು. ಗ್ಯಾಸನ್ನು ಮೊದಲು ಸೋಡಿಯಂ ಅಜೈಡ್‌ನಿಂದ ಪಡೆಯುತ್ತಿದ್ದರು, ಈಗ ಹೆಚ್ಚಾಗಿ ಗ್ವಾನಿಡಿನ್ ನೈಟ್ರೇಟ್. ಏರ್‌ಬ್ಯಾಗ್ ತಯಾರಿಸುತ್ತಿದ್ದ ತಕಾಟಾ ಕಂಪನಿ ಅಮೋನಿಯಂ ನೈಟ್ರೇಟ್ ಬಳಸಿತ್ತು. ವರ್ಷಗಟ್ಟಲೆ ಸೆಕೆ, ತೇವ ತಾಗಿ ಅದು ಕೆಟ್ಟು, ಉರಿಯುವಾಗ ಇನ್‌ಫ್ಲೇಟರಿನ (ಗ್ಯಾಸ್ ಹುಟ್ಟಿಸುವ ಡಬ್ಬಿ) ಲೋಹವೇ ಸಿಡಿಯುತ್ತಿತ್ತು. ಕರಾವಳಿಯಲ್ಲಿ ಹಳೆಯ ಕಾರು ಕೊಳ್ಳುವವರು ಚಾಸಿ ನಂಬರ್ ಹಾಕಿ ರೀಕಾಲ್ (ದೋಷ ಸರಿಪಡಿಸಲು ಕಂಪನಿ ಗಾಡಿಯನ್ನು ವಾಪಸ್ ಕರೆಸುವುದು) ಬಾಕಿ ಇದೆಯಾ ನೋಡಲೇಬೇಕು.

ಮುಖ ತಾಗುವ ಹೊತ್ತಿಗೆ ಚೀಲ ಹಿಂದಿನ ತೂತುಗಳಿಂದ ಗ್ಯಾಸ್ ಬಿಡುತ್ತಿರಬೇಕು, ಆ ಮೆತ್ತಗಾಗುವಿಕೆಯೇ ತಲೆ ಉಳಿಸುವುದು. ಬೆಲ್ಟ್ ಇಲ್ಲದವರು ಬ್ರೇಕ್ ಹಾಕಿದಾಗಲೇ ಮುಂದಕ್ಕೆ ಜಾರಿ, ಇನ್ನೂ ಉಬ್ಬುತ್ತಿರುವ ಚೀಲಕ್ಕೆ ಎದೆ ಕೊಟ್ಟಿರುತ್ತಾರೆ. ಬೆಲ್ಟ್ ಹಾಕಿ, ಎದೆಗೂ ಡ್ಯಾಶ್‌ಬೋರ್ಡಿಗೂ ಕನಿಷ್ಠ 25 ಸೆಂ.ಮೀ. ಬಿಡಿ. ಕಾಲನ್ನು ಡ್ಯಾಶ್ ಮೇಲೆ ಚಾಚಿ ಕೂತರೆ ತೊಡೆಮೂಳೆ, ಸೊಂಟ ಎರಡೂ ಮುರಿಯುತ್ತವೆ.

ಘಾಟಿ_ತಿರುವು:
ಎಡಸೀಟು ಖಾಲಿ ಇದ್ದರೆ ಆ ಚೀಲ ಉಬ್ಬಲ್ಲ ಅಲ್ವಾ?

ಸ್ಪ್ಯಾನರ್_12:
ಸೀಟಿನಲ್ಲಿ ತೂಕ ಗುರುತಿಸುವ ಸೆನ್ಸರ್ ಇದ್ದು, ಅದು ಏರ್‌ಬ್ಯಾಗ್ ಯೂನಿಟ್ಟಿಗೆ ಜೋಡಣೆಯಾಗಿದ್ದರೆ ಮಾತ್ರ. ನಮ್ಮಲ್ಲಿ ಮಾರುವ ಎಷ್ಟೋ ಕಾರುಗಳಲ್ಲಿ ಸೀಟಿನ ಸೆನ್ಸರ್ ಇರುವುದು ಬೆಲ್ಟ್ ಬೀಪ್‌ಗಷ್ಟೇ. ಸೀಟು ಖಾಲಿಯಿದ್ದರೂ ಚೀಲ ಉಬ್ಬುತ್ತೆ.

ತಾಯಿಬೇರು:
ಮಗುವಿನ ವಿಷಯ. ತೊಡೆ ಮೇಲೆ ಬೇಡವೇ ಬೇಡ. ಮಗುವಿನ ತಲೆ ಆ ಮುಚ್ಚಳದ ಎದುರಿಗೇ ಇರುತ್ತೆ, ಗುದ್ದಿದಾಗ ಎಷ್ಟೇ ಗಟ್ಟಿ ಕೈಯಾದರೂ ಹಿಡಿದುಕೊಳ್ಳಲು ಆಗಲ್ಲ. ಹಿಂದಿನ ಸೀಟಿನಲ್ಲಿ ಐಸೋಫಿಕ್ಸ್ ಕೊಕ್ಕೆಗೆ ಚೈಲ್ಡ್ ಸೀಟ್ ಸಿಕ್ಕಿಸಿ ಕೂರಿಸಿ. ಹಿಂದಕ್ಕೆ ಮುಖ ಮಾಡುವ ಕೂಸಿನ ಸೀಟಂತೂ ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಿನಲ್ಲಿ ಯಾವತ್ತೂ ಕೂಡದು, ಚೀಲ ಆ ಸೀಟಿನ ಬೆನ್ನಿಗೇ ಬಡಿಯುತ್ತೆ. ಕೆಲವು ಕಾರುಗಳಲ್ಲಿ ಎಡಬಾಗಿಲು ತೆಗೆದರೆ ಡ್ಯಾಶ್‌ಬೋರ್ಡಿನ ಬದಿಯಲ್ಲಿ ಕೀಲಿ ಹಾಕಿ ಆಫ್ ಮಾಡುವ ಸ್ವಿಚ್ ಇರುತ್ತೆ. ಇಲ್ಲದಿದ್ದರೆ ಬೇರೆ ಉಪಾಯ ಹುಡುಕಬೇಡಿ. 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಚೈಲ್ಡ್ ಸೀಟ್ ಇಲ್ಲದಿದ್ದರೆ ಮೋಟಾರು ವಾಹನ ಕಾಯ್ದೆಯ 194ಬಿ ಸೆಕ್ಷನ್ ಪ್ರಕಾರ 1000 ರೂಪಾಯಿ ದಂಡ.

ಹಳದಿ_ಕನೆಕ್ಟರ್:
ದೀಪದ ಕಥೆ ಬಹುಮಟ್ಟಿಗೆ ಸೀಟಿನ ಕೆಳಗಿದೆ. ಕವರ್ ಹಾಕುವಾಗ ಅಲ್ಲಿನ ಹಳದಿ ಕನೆಕ್ಟರ್ ಎಳೆದಿರುತ್ತಾರೆ, ಅಥವಾ ಅದು ಬಿಚ್ಚಿರುವಾಗಲೇ ಇಗ್ನಿಷನ್ ಆನ್ ಮಾಡಿರುತ್ತಾರೆ. ಆ ದೀಪ ಇಗ್ನಿಷನ್ ಆನ್ ಆದಾಗ ಹೊತ್ತಿ ಸುಮಾರು ಆರು ಸೆಕೆಂಡಿನಲ್ಲಿ ಆರಬೇಕು. ಆರದಿದ್ದರೆ, ಗುದ್ದಿದಾಗ ಒಂದು ಚೀಲವೂ ತೆರೆಯದೇ ಇರಬಹುದು. ಸರ್ವಿಸ್ ಸೆಂಟರ್‌ನಲ್ಲೇ ತೋರಿಸಿ. ಅವರು ಮಾಡಬೇಕಾದ್ದು: ಇಗ್ನಿಷನ್ ಆಫ್, ಬ್ಯಾಟರಿಯ ನೆಗೆಟಿವ್ ಬಿಚ್ಚಿ ಕನಿಷ್ಠ ಮೂರು ನಿಮಿಷ ಕಾಯುವುದು (ಯೂನಿಟ್ ಒಳಗಿನ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರುತ್ತೆ), ಪಿನ್ ಬಾಗಿದೆಯಾ ನೋಡಿ ‘ಟಕ್’ ಅನ್ನುವವರೆಗೆ ಕನೆಕ್ಟರ್ ಒತ್ತಿ ಲಾಕ್ ಮಾಡುವುದು, ಕೊನೆಗೆ ಸ್ಕ್ಯಾನರ್ ಹಾಕಿ ಯೂನಿಟ್‌ನಲ್ಲಿ ಉಳಿದ ದೋಷದ ಕೋಡ್ ಅಳಿಸುವುದು. ಯಾರಾದರೂ ಆ ವೈರಿಗೆ ಮಲ್ಟಿಮೀಟರ್ ಹಿಡಿಯಲು ಬಂದರೆ ತಡೆಯಿರಿ, ಮೀಟರಿನ ಕರೆಂಟಿಗೇ ಚೀಲ ಸಿಡಿಯಬಹುದು.

ಕವರನ್ನೂ ನೋಡಿ ಸರ್. ಸೈಡ್ ಏರ್‌ಬ್ಯಾಗ್ ಇರುವುದು ಸೀಟಿನ ಬೆನ್ನಿನ ಬಾಗಿಲ ಕಡೆಯ ಅಂಚಿನಲ್ಲಿ. ಕವರ್ ಅಲ್ಲಿ ತೆರೆದಿರಬೇಕು, ಇಲ್ಲವೇ ಸುಲಭವಾಗಿ ಹರಿಯುವ ಹೊಲಿಗೆ ಇರಬೇಕು. ಸುತ್ತಲೂ ಬಿಗಿಯಾಗಿ ಹೊಲಿದ ರೆಕ್ಸಿನ್ ಕವರ್ ಆಗಿದ್ದರೆ ಬಿಚ್ಚಿಸಿಬಿಡಿ.