ಅಟೋರ್ವಾಸ್ಟಾಟಿನ್ ತಗೊಳ್ಳುವವರು ಚಕ್ಕೋತ ತಿನ್ನಬಹುದಾ?

ಹಿತ್ತಲಮರ:
ನಮ್ಮದು ದೇವನಹಳ್ಳಿ ಕಡೆ ಊರು. ಹಿತ್ತಲಲ್ಲಿ ಚಕ್ಕೋತದ ಮರ, ಈ ಸಲ ಕೊಂಬೆ ಬಗ್ಗುವಷ್ಟು ಕಾಯಿ. ಅಮ್ಮನಿಗೆ ರಾತ್ರಿ ಕೊಲೆಸ್ಟರಾಲ್‌ಗೆ ಅಟೋರ್ವಾಸ್ಟಾಟಿನ್ 20, ಬೆಳಗ್ಗೆ ಬಿಪಿಗೆ ಆಮ್ಲೋಡಿಪಿನ್ 5. ಮಧ್ಯಾಹ್ನ ಉಪ್ಪು-ಖಾರ ಹಚ್ಚಿಕೊಂಡು ಒಂದೆರಡು ತೊಳೆ ತಿನ್ನದಿದ್ದರೆ ಅವರಿಗೆ ಊಟ ಮುಗಿದ ಹಾಗೇ ಅಲ್ಲ. ಅಮೆರಿಕದಲ್ಲಿರುವ ತಂಗಿ ಈಗ ತಗಾದೆ ತೆಗೆದಿದ್ದಾಳೆ. ಅಲ್ಲಿ ಮಾತ್ರೆ ಡಬ್ಬಿ ಮೇಲೆ ಗ್ರೇಪ್‌ಫ್ರೂಟ್ ಬೇಡ ಅಂತ ಚೀಟಿ ಅಂಟಿಸುತ್ತಾರಂತೆ, ಚಕ್ಕೋತ ಅದರ ಜಾತಿಯೇ ಅಂತೆ. ನಮ್ಮ ಸ್ಟ್ರಿಪ್ ಮೇಲೆ ಏನೂ ಇಲ್ಲ. ಅಮ್ಮನ ಎಸ್‌ಜಿಪಿಟಿ, ಎಸ್‌ಜಿಓಟಿ ಎರಡೂ ನಾರ್ಮಲ್. ಲಿವರ್ ಎನ್‌ಜೈಮ್ ಸರಿ ಇದ್ದ ಮೇಲೆ ಭಯ ಯಾಕೆ? ಬೆಳಗ್ಗೆ ಹಣ್ಣು, ರಾತ್ರಿ ಮಾತ್ರೆ ಅಂತ ಮಾಡಿದರೆ ಸಾಕಲ್ವಾ?

ಮಾತ್ರೆಲೆಕ್ಕ:
ನಾನು ಆಸ್ಪತ್ರೆಯೊಂದರಲ್ಲಿ ಫಾರ್ಮಸಿಸ್ಟ್. ಮೊದಲು ಎಸ್‌ಜಿಪಿಟಿ ವಿಷಯ. ಅದು ಲಿವರ್ ಜೀವಕೋಶಕ್ಕೆ ಪೆಟ್ಟಾದಾಗ ರಕ್ತಕ್ಕೆ ಸೋರುವ ಎನ್‌ಜೈಮ್. ಮಾತ್ರೆಯನ್ನು ಒಡೆಯುವ ಎನ್‌ಜೈಮ್‌ಗಳ ಗುಂಪೇ ಬೇರೆ, ಸೈಟೋಕ್ರೋಮ್ ಪಿ450 ಅಂತ. ಎಸ್‌ಜಿಪಿಟಿ ನೋಡಿ ಅವುಗಳ ಕೆಲಸ ಅಳೆಯಲು ಆಗುವುದಿಲ್ಲ.

ಆ ಗುಂಪಿನಲ್ಲಿ ಸಿವೈಪಿ3ಎ4 ಅನ್ನುವುದು ಲಿವರ್‌ನಲ್ಲೂ ಇದೆ, ಸಣ್ಣ ಕರುಳಿನ ಗೋಡೆಯಲ್ಲೂ ಇದೆ. ಕೆಲವು ಮಾತ್ರೆಗಳ ದೊಡ್ಡ ಪಾಲು ರಕ್ತ ಸೇರುವ ಮೊದಲೇ ಇದರ ಕೈಲಿ ಕರಗಿಹೋಗುತ್ತದೆ. ಕಂಪನಿಯವರು ಆ ನಷ್ಟ ಲೆಕ್ಕ ಹಾಕಿಯೇ ಡೋಸ್ ಇಟ್ಟಿರುತ್ತಾರೆ. ಗ್ರೇಪ್‌ಫ್ರೂಟ್‌ನಲ್ಲಿರುವ ಫ್ಯುರಾನೋಕೌಮರಿನ್‌ಗಳು ಕರುಳಿನ ಈ ಎನ್‌ಜೈಮನ್ನು ಪೂರ್ತಿ ಕೆಡಿಸಿಬಿಡುತ್ತವೆ. ಆಗ ನುಂಗಿದ್ದು ಅದೇ ಮಾತ್ರೆ, ಒಳಗೆ ಹೋಗಿದ್ದು ಜಾಸ್ತಿ. ಹೊಸ ಎನ್‌ಜೈಮ್ ತಯಾರಾಗಲು ಒಂದರಿಂದ ಮೂರು ದಿನ ಬೇಕು. ಹಾಗಾಗಿ ಬೆಳಗ್ಗೆ ಹಣ್ಣು, ರಾತ್ರಿ ಮಾತ್ರೆ ಅನ್ನುವ ಉಪಾಯ ನಡೆಯಲ್ಲ.

ಇದು ಗೊತ್ತಾಗಿದ್ದೇ ಆಕಸ್ಮಿಕವಾಗಿ. ಕೆನಡಾದಲ್ಲಿ ಡೇವಿಡ್ ಬೈಲಿ ಅನ್ನುವವರ ತಂಡ ಫೆಲೋಡಿಪಿನ್ ಅನ್ನುವ ಬಿಪಿ ಮಾತ್ರೆ ಜೊತೆ ಮದ್ಯ ಕೊಟ್ಟು ನೋಡುತ್ತಿತ್ತು. ಮದ್ಯದ ರುಚಿ ಗೊತ್ತಾಗಬಾರದು ಅಂತ ಗ್ರೇಪ್‌ಫ್ರೂಟ್ ರಸ ಬೆರೆಸಿದ್ದರು. ಔಷಧದ ಮಟ್ಟ ಅಂದಾಜು ಮೀರಿ ಏರಿತು. ಕಾರಣ ಮದ್ಯ ಅಲ್ಲ, ರಸ!

ನಿಮ್ಮ ತಂಗಿ ಹೇಳಿದ್ದು ಸರಿ. ಗ್ರೇಪ್‌ಫ್ರೂಟ್ ಹುಟ್ಟಿದ್ದೇ ಚಕ್ಕೋತ ಮತ್ತು ಕಿತ್ತಳೆ ಬೆರೆತು. ಆದರೆ ಅಮ್ಮನ ತೊಳೆ ಕಿತ್ತುಕೊಳ್ಳಬೇಡಿ. ಅಟೋರ್ವಾಸ್ಟಾಟಿನ್ ಬಗ್ಗೆ ಅಮೆರಿಕದ ಎಚ್ಚರಿಕೆ ಇರುವುದು ದಿನಕ್ಕೆ 1.2 ಲೀಟರ್‌ಗಿಂತ ಜಾಸ್ತಿ ರಸ ಕುಡಿಯುವವರಿಗೆ. ಆಮ್ಲೋಡಿಪಿನ್ ಮೇಲೆ ಪರಿಣಾಮ ತೀರಾ ಕಡಿಮೆ, ಅದು ಮೊದಲೇ ಬಹುಪಾಲು ರಕ್ತಕ್ಕೆ ಸೇರುವ ಮಾತ್ರೆ. ಕೊಲೆಸ್ಟರಾಲ್‌ನ ಇನ್ನೊಂದು ಮಾತ್ರೆ ಸಿಂವಾಸ್ಟಾಟಿನ್ ಆಗಿದ್ದರೆ ಬೇಡವೇ ಬೇಡ ಅನ್ನುತ್ತಿದ್ದೆ. ಡಾಕ್ಟರಿಗೆ ಒಂದು ಮಾತು ಹೇಳಿಡಿ. ಮೈಕೈ ನೋವು ವಿಪರೀತ ಆದರೆ, ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ ತಡ ಮಾಡಬೇಡಿ.

ನನಗೆ ಹಣ್ಣಿಗಿಂತ ಭಯ ಕ್ಲಾರಿಥ್ರೋಮೈಸಿನ್ ಅನ್ನುವ ಆಂಟಿಬಯೋಟಿಕ್‌ದು. ಕೆಮ್ಮು ಅಂತ ಹೋದರೆ ಬರೆದುಕೊಡುತ್ತಾರೆ, ಕೊಲೆಸ್ಟರಾಲ್ ಮಾತ್ರೆ ವಿಷಯ ಕೆಲವೊಮ್ಮೆ ಯಾರೂ ಕೇಳುವುದಿಲ್ಲ. ಅದು ಲಿವರ್‌ನ 3ಎ4 ಅನ್ನೂ ತಡೆಯುತ್ತದೆ.

ಒಂದೇಕಿಡ್ನಿ:
ಟ್ರಾನ್ಸ್‌ಪ್ಲಾಂಟ್ ಆದವರು ದಯವಿಟ್ಟು ಮೇಲಿನ "ಒಂದೆರಡು ತೊಳೆ ಪರವಾಗಿಲ್ಲ" ನಂಬಿಕೊಂಡು ತಿನ್ನಬೇಡಿ. ಹಾಕಿದ ಕಿಡ್ನಿಯನ್ನು ಮೈ ತಿರಸ್ಕರಿಸದಿರಲಿ ಅಂತ ನನಗೆ ಟ್ಯಾಕ್ರೋಲಿಮಸ್ ಇದೆ, ಚಕ್ಕೋತ ಪೂರ್ತಿ ಬಂದ್.

ಮಾತ್ರೆಲೆಕ್ಕ:
ನಿಜ. ನಾನೇ ಬರೆಯಬೇಕಿತ್ತು. ಚಕ್ಕೋತ ತಿಂದು ಟ್ಯಾಕ್ರೋಲಿಮಸ್ ಮಟ್ಟ ಏರಿದ ರೋಗಿಯ ವರದಿ ಜಪಾನ್‌ನಿಂದ ಬಂದಿದೆ. ಅದೇ ಕೆಲಸಕ್ಕೆ ಕೊಡುವ ಸೈಕ್ಲೋಸ್ಪೋರಿನ್‌ಗೂ ಇದೇ ನಿಯಮ. ಟಿಬಿಯ ರಿಫಾಂಪಿಸಿನ್ ಇದಕ್ಕೆ ಪೂರ್ತಿ ಉಲ್ಟಾ. ಅದು ಎನ್‌ಜೈಮ್ ಹೆಚ್ಚಿಸಿ ಟ್ಯಾಕ್ರೋಲಿಮಸ್ ಮಟ್ಟವನ್ನು ಕೆಳಗೆ ತಳ್ಳುತ್ತದೆ, ಗರ್ಭನಿರೋಧಕ ಮಾತ್ರೆಯನ್ನೂ ಕೆಲಸಕ್ಕೆ ಬಾರದ ಹಾಗೆ ಮಾಡಬಹುದು.

ಹಿತ್ತಲಮರ:
ಥ್ಯಾಂಕ್ಸ್. ಅಮ್ಮ ಖುಷಿ. ಇನ್ನೊಂದು ಕೇಳಲೇ? ದಮ್ಮು ಅಂತ ಅಪ್ಪ ಥಿಯೋಫಿಲಿನ್ ತಗೊಳ್ಳುತ್ತಾರೆ. ಹೋದ ವಾರ ಬೀಡಿ ಬಿಟ್ಟರು. ಈಗ ಎದೆ ಡವಡವ, ಕೈ ನಡುಕ, ವಾಕರಿಕೆ. ಬೀಡಿ ಬಿಟ್ಟಿದ್ದಕ್ಕೇ ಹೀಗೆ, ಮತ್ತೆ ಒಂದು ಸೇದುತ್ತೇನೆ ಅನ್ನುತ್ತಿದ್ದಾರೆ.

ಮಾತ್ರೆಲೆಕ್ಕ:
ಸೇದಬೇಡಿ ಅನ್ನಿ, ಇವತ್ತೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಬೀಡಿ ಹೊಗೆಯಲ್ಲಿರುವ ಟಾರು ಸಿವೈಪಿ1ಎ2 ಎನ್‌ಜೈಮನ್ನು ಹೆಚ್ಚಿಸುತ್ತದೆ (ನಿಕೋಟಿನ್ ಅಲ್ಲ, ಹಾಗಾಗಿ ನಿಕೋಟಿನ್ ಗಮ್‌ನಿಂದ ಈ ತೊಂದರೆ ಇಲ್ಲ). ಸೇದುವಾಗ ಥಿಯೋಫಿಲಿನ್ ಬೇಗ ಖರ್ಚಾಗುತ್ತಿತ್ತು. ಈಗ ಎನ್‌ಜೈಮ್ ಇಳಿದಿದೆ, ಹಳೇ ಡೋಸ್ ಜಾಸ್ತಿ ಆಗಿರಬಹುದು. ಬೀಡಿ ಬಿಟ್ಟ ತಾರೀಖು ಹೇಳಿ, ರಕ್ತದಲ್ಲಿ ಥಿಯೋಫಿಲಿನ್ ಮಟ್ಟ ನೋಡಿಸಬಹುದಾ ಅಂತ ಕೇಳಿ. ಜ್ವರಕ್ಕೆ ಯಾರಾದರೂ ಸಿಪ್ರೋಫ್ಲಾಕ್ಸಸಿನ್ ಕೊಟ್ಟಿದ್ದರೆ ಅದನ್ನೂ ತೋರಿಸಿ, ಅದೂ ಇದೇ ಎನ್‌ಜೈಮನ್ನು ತಡೆಯುತ್ತದೆ.