ಕುಡಿತವೂ ಇದೆ, ಸ್ಕಿಜೋಫ್ರೇನಿಯಾವೂ ಇದೆ. ಮೊದಲು ಯಾವುದಕ್ಕೆ ತೋರಿಸಬೇಕು?

ಹಾವೇರಿಯ ಅಕ್ಕ:
ತಮ್ಮನಿಗೆ ಸ್ಕಿಜೋಫ್ರೇನಿಯಾ. ಕಿವಿಯಲ್ಲಿ ಯಾರೋ ಬೈತಾರೆ ಅನ್ನುತ್ತಾನೆ. ಸಂಜೆಯಾದರೆ ಕುಡಿಯಲೇಬೇಕು, ಕುಡಿದರೆ ಆ ದನಿ ಸುಮ್ಮನಾಗುತ್ತದಂತೆ. ಕುಡಿತ ಬಿಡಿಸುವ ಕೇಂದ್ರದವರು "ತಲೆ ಕೆಟ್ಟವರನ್ನು ಸೇರಿಸಿಕೊಳ್ಳಲ್ಲ" ಅಂದರು. ಆಸ್ಪತ್ರೆಯಲ್ಲಿ "ಮೊದಲು ಕುಡಿತ ಬಿಟ್ಟು ಬರಲಿ" ಅಂದರು. ಅಮ್ಮ ಕುಡಿತ ಬಿಡಿಸುತ್ತೆ ಅಂತ ಯಾರೋ ಕೊಟ್ಟ ಪುಡಿ ತಂದಿಟ್ಟಿದ್ದಾರೆ, ಸಾರಿನಲ್ಲಿ ಕಲಸೋಣ ಅಂತ. ಏನು ಮಾಡಲಿ?

ವಾರ್ಡ್ ಸಿಸ್ಟರ್:
ಅಕ್ಕಾ, ಆ ಪುಡಿ ಮಾತ್ರ ಬೇಡ. ನಾನು ಮನೋರೋಗ ವಾರ್ಡಿನಲ್ಲಿ ನರ್ಸ್. ಅದರಲ್ಲಿ ಡೈಸಲ್ಫಿರಾಮ್ ಅನ್ನುವ, ಕುಡಿತ ಬಿಡಿಸಲು ಡಾಕ್ಟರು ಕೊಡುವ ಔಷಧಿ ಬೆರೆಸಿರಬಹುದು. ಅದು ಮೈಯಲ್ಲಿರುವಾಗ ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಬಿಪಿ ಇಳಿದು ಜೀವಕ್ಕೇ ಅಪಾಯ. ಕೆಲವರಿಗೆ ಭ್ರಮೆಯೂ ಜಾಸ್ತಿಯಾಗುತ್ತದೆ. ಊಟದಲ್ಲಿ ವಿಷ ಹಾಕುತ್ತಾರೆ ಅಂತ ಇಂಥ ಕಾಯಿಲೆಯಲ್ಲಿ ಎಷ್ಟೋ ಜನ ಹೆದರುತ್ತಾರೆ. ನಿಜವಾಗಿಯೂ ಹಾಕಿದ್ದು ಗೊತ್ತಾದರೆ ಅಮ್ಮನ ಕೈಯ ಅನ್ನವನ್ನೇ ಮುಟ್ಟುವುದಿಲ್ಲ, ಮಾತ್ರೆಯಂತೂ ದೂರದ ಮಾತು.

ಮನೆಯಲ್ಲಿ ಕೂಡಿಹಾಕಿ ಒಮ್ಮೆಲೇ ನಿಲ್ಲಿಸಲೂ ಹೋಗಬೇಡಿ. ದಿನಾ ಕುಡಿಯುವವರಿಗೆ ಎರಡು ಮೂರು ದಿನದಲ್ಲಿ ಫಿಟ್ಸ್ ಬರಬಹುದು, ಕೈ ನಡುಗಿ ಇಲ್ಲದ್ದೆಲ್ಲ ಕಾಣಬಹುದು. ಅದನ್ನು ಮನೆಯವರು ಹಳೇ ಕಾಯಿಲೆ ಕೆರಳಿತು ಅಂದುಕೊಳ್ಳುತ್ತಾರೆ. ಆಸ್ಪತ್ರೆಯಲ್ಲಾದರೆ ಅದಕ್ಕೂ ಮಾತ್ರೆ, ಥಯಮಿನ್ (ವಿಟಮಿನ್ ಬಿ1) ಇಂಜೆಕ್ಷನ್ ಇದೆ.

ಯಾವುದು ಮೊದಲು ಅಂತಿಲ್ಲ, ಎರಡಕ್ಕೂ ಒಂದೇ ಕಡೆ, ಒಟ್ಟಿಗೇ ಚಿಕಿತ್ಸೆ ಆಗಬೇಕು. ನಿಮಗೆ ಧಾರವಾಡದ ಸರ್ಕಾರಿ ಮನೋರೋಗ ಆಸ್ಪತ್ರೆ ಡಿಮ್ಹಾನ್ಸ್ ಹತ್ತಿರ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನಕ್ಕೇ ಬೇರೆ ವಿಭಾಗವಿದೆ. ಮತ್ತೆ ಯಾರಾದರೂ ವಾಪಸ್ ಕಳಿಸಿದರೆ ಹೇಳಿ: 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಕುಡಿತದಿಂದ ಬರುವ ಮನಸ್ಸಿನ ತೊಂದರೆಯೂ ಮಾನಸಿಕ ಕಾಯಿಲೆಯೇ.

ಹುಬ್ಬಳ್ಳಿಯಿಂದ:
ನಮ್ಮಣ್ಣನದೂ ಇದೇ ಕಥೆ. ಕುಡಿದ ದಿನ ಮಾತ್ರೆ ನುಂಗುತ್ತಿರಲಿಲ್ಲ, ಎರಡೂ ಸೇರಿದರೆ ವಿಷ ಅಂತ. ಹೀಗೆ ವಾರಗಟ್ಟಲೆ ತಪ್ಪುತ್ತಿತ್ತು. ಡಾಕ್ಟರಿಗೆ ಮುಚ್ಚಿಡದೆ ಹೇಳಿದ ಮೇಲೆ ತಿಂಗಳಿಗೊಮ್ಮೆ ಕೊಡುವ ಇಂಜೆಕ್ಷನ್‌ಗೆ ಬದಲಾಯಿಸಿದರು. ಈಗಲೂ ಒಮ್ಮೊಮ್ಮೆ ಕುಡಿಯುತ್ತಾನೆ, ಆದರೆ ಅಂಗಡಿಗೆ ಹೋಗಿ ವ್ಯಾಪಾರಕ್ಕೆ ಕೂರುತ್ತಾನೆ.

ಹಾವೇರಿಯ ಅಕ್ಕ:
ಪುಡಿ ಎಸೆದೆ. ಆದರೆ ಆಸ್ಪತ್ರೆ ಅಂದರೆ ಬಾಗಿಲು ಹಾಕಿಕೊಳ್ಳುತ್ತಾನಲ್ಲ?

ವಾರ್ಡ್ ಸಿಸ್ಟರ್:
ಕುಡಿತದ ಮಾತೇ ಎತ್ತಬೇಡಿ. "ನಿದ್ದೆ ಬರ್ತಿಲ್ಲ ಅಲ್ವಾ, ಆ ಬೈಗುಳ ನಿಲ್ಲೋಕೆ ಔಷಧಿ ಕೇಳೋಣ" ಅನ್ನಿ. ಅವನಿಗೂ ಅದೇ ಬೇಕಾಗಿರುವುದು. ಬೆಳಿಗ್ಗೆ, ಕುಡಿಯದಿರುವಾಗ ಕೇಳಿ. ಒಪ್ಪದಿದ್ದರೆ ನೀವೊಬ್ಬರೇ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಫಿಟ್ಸ್ ಬಂದರೆ ಮಾತ್ರ ಯಾರನ್ನೂ ಕೇಳುತ್ತಾ ಕೂರಬೇಡಿ, 108ಕ್ಕೆ ಮಾಡಿ.